ಬಾಗಿಲ ಕಡೆ ನೋಡುವ ಬೆಕ್ಕು

ಮಾರ್ಚ್ 3, ಭಾನುವಾರ

ತಂಗಿ ಬಂದು ಜಗಳವಾಡಿ ಹೋದಳು. ಜಗಳ ಆಸ್ತಿಗಲ್ಲ, ಒಡವೆಗಲ್ಲ, ಬೆಕ್ಕಿಗೆ. ಹೊರಗಿನವರು ಕೇಳಿದರೆ ಬಿದ್ದು ಬಿದ್ದು ನಗುತ್ತಾರೆ.

ಅಮ್ಮ ಹೋಗಿ ತಿಂಗಳಾಗುತ್ತ ಬಂತು. ಅವಳು ಬಿಟ್ಟುಹೋದದ್ದರಲ್ಲಿ ನಮ್ಮಿಬ್ಬರಿಗೂ ಬೇಕಾದದ್ದು ಎರಡೇ, ಅವಳ ಬೂದು ಬಣ್ಣದ ಉಣ್ಣೆ ಶಾಲು ಮತ್ತು ಅವಳ ಬೆಕ್ಕು. ಬೆಕ್ಕಿನ ಹೆಸರು ಸೊಸೆ. ಇಬ್ಬರೂ ಹೆಣ್ಣುಮಕ್ಕಳೇ ಆದ ಮನೆಗೆ ಸೊಸೆ ಎಲ್ಲಿಂದ ಬರಬೇಕು, ಇವಳೇ ನನ್ನ ಸೊಸೆ ಎಂದು ಅಮ್ಮ ಆ ಹೆಸರಿಟ್ಟಿದ್ದಳು. ಬೈಯುವಾಗಲೂ ಅತ್ತೆಯ ಗತ್ತಿನಲ್ಲೇ ಬೈಯುತ್ತಿದ್ದಳು. ಶಾಲನ್ನು ತಂಗಿ ಅವತ್ತೇ ಹೊದ್ದುಕೊಂಡು ತನ್ನೂರಿನ ಬಸ್ಸು ಹತ್ತಿದಳು. ಸೊಸೆ ನನ್ನ ಜೊತೆ ಈ ಮನೆಯಲ್ಲಿ ಉಳಿದಳು. ಹಂಚಿಕೆ ಸರಿಯಾಯಿತು ಎಂದುಕೊಂಡಿದ್ದೆ.

ಇವತ್ತು ಬಂದವಳು ಬೆಕ್ಕಿನ ಬೆನ್ನು ಸವರಿ, "ಮೂಳೆ ಕೈಗೆ ಸಿಗ್ತಿದೆ. ನೀನು ಇದನ್ನ ಸಾಕ್ತಿಲ್ಲ ಅಕ್ಕ, ಸುಮ್ನೆ ಇಟ್ಕೊಂಡಿದ್ದೀಯ" ಎಂದಳು.

"ದಿನಾ ಹೊಟ್ಟೆ ತುಂಬ ಹಾಕ್ತೀನಿ."

"ಹಾಕಿದ್ರೆ ಆಯ್ತಾ? ಅದು ಏನೋ ಹೇಳ್ತಾನೇ ಇರುತ್ತೆ. ಅಮ್ಮ ಒಂದೊಂದಕ್ಕೂ ಉತ್ತರ ಕೊಡ್ತಿದ್ಲು. ನೀನು ಗೋಡೆ ಥರ ಕೂತಿರ್ತೀಯ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಬೆಕ್ಕಿನ ಭಾಷೆ ಏನು ಬ್ರಹ್ಮವಿದ್ಯೆನಾ?" ಎಂದೆ.

"ಹಾಗಾದ್ರೆ ಕಲಿ. ಏಪ್ರಿಲ್ ಮುಗಿಯೋವರೆಗೆ ನೋಡ್ತೀನಿ. ಹೀಗೇ ಸೊರಗಿದ್ರೆ ಬುಟ್ಟಿಗೆ ಹಾಕ್ಕೊಂಡು ಹೋಗ್ತೀನಿ. ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗಲ್ಲ."

ಅವಳು ಹೇಳಿದ್ದನ್ನು ಮಾಡುವವಳು. ಸೊಸೆ ಹೋದರೆ ತಂಗಿಯೂ ಹೋದಂತೆ. ಆಮೇಲೆ ಈ ಮನೆಯಲ್ಲಿ ಉಳಿಯುವುದು ನಾನು ಮತ್ತು ಗೋಡೆ ಗಡಿಯಾರ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಬೆಕ್ಕು ಏನು ಹೇಳುತ್ತದೆ ಎಂದು ಕಲಿತೇ ತೀರುತ್ತೇನೆ.

ಮಾರ್ಚ್ 6, ಬುಧವಾರ

ನೇಯ್ಗೆ ಶೆಡ್ಡಿನಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು. ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ಪಕ್ಕದವಳು ಸತ್ತೆ ಎಂದು ಕಿರುಚಿದರೂ ಅಲ್ಲಿ ಕೇಳುವುದಿಲ್ಲ. ಅದಕ್ಕೆ ನಮ್ಮಲ್ಲಿ ಯಾರೂ ಕಿವಿಯನ್ನು ನೆಚ್ಚಿಕೊಳ್ಳುವುದಿಲ್ಲ. ತುಟಿ ನೋಡುತ್ತೇವೆ, ಹುಬ್ಬು ನೋಡುತ್ತೇವೆ, ಬೆರಳು ನೋಡುತ್ತೇವೆ. ಮಗ್ಗ ನಿಂತಿತು ಎಂದು ಕಾಲಡಿಯ ನೆಲವೇ ಹೇಳುತ್ತದೆ. ಪಕ್ಕದ ಮಗ್ಗದವಳಿಗೆ ನಾವಿಟ್ಟ ಹೆಸರು ರೇಡಿಯೋ. ಶಿಫ್ಟು ಶುರುವಾದಾಗ ತೆರೆದ ಬಾಯಿಯನ್ನು ಅವಳು ಮುಗಿಯುವವರೆಗೆ ಮುಚ್ಚುವುದಿಲ್ಲ. ಅವಳ ಗಂಡ, ಅತ್ತೆ, ನಾದಿನಿ, ಎಲ್ಲರ ಕಥೆಯೂ ನನಗೆ ಬಾಯಿಪಾಠ. ಅವಳ ದನಿ ಹೇಗಿದೆ ಎಂದು ಮಾತ್ರ ನೆನಪಿಲ್ಲ.

ಇಷ್ಟನ್ನೆಲ್ಲ ಓದಬಲ್ಲವಳಿಗೆ ಒಂದು ಬೆಕ್ಕು ಯಾವ ಲೆಕ್ಕ.

ಮಾರ್ಚ್ 10, ಭಾನುವಾರ

ಇಡೀ ದಿನ ಸೊಸೆಯ ಹಿಂದೆಯೇ ಸುತ್ತಿದೆ. ಬಾಲ ನೆಟ್ಟಗೆ ಎದ್ದರೆ ಸಮಾಧಾನ. ಎದ್ದ ಬಾಲದ ತುದಿ ಕೊಂಡಿಯ ಹಾಗೆ ಬಾಗಿದರೆ 'ನಮ್ಮವರು ಬಂದರು' ಎಂದು ಅರ್ಥ. ಆ ಕೊಂಡಿಯನ್ನು ಅವಳು ಅಮ್ಮನಿಗೂ ತಂಗಿಗೂ ಬಿಟ್ಟು ಬೇರೆ ಯಾರಿಗೂ ತೋರಿಸಿದ್ದು ನಾನು ಕಂಡಿಲ್ಲ. ನನಗೆ ಬರೀ ನೆಟ್ಟನೆಯ ಬಾಲ, ಬಾಡಿಗೆಗೆ ಬಂದವರಿಗೆ ಕೊಡುವ ಮರ್ಯಾದೆ. ಕಿವಿ ಹಿಂದಕ್ಕೆ ಮಡಚಿದರೆ ಹತ್ತಿರ ಬರಬೇಡ ಎಂದು. ಕಣ್ಣನ್ನು ನಿಧಾನವಾಗಿ ಮುಚ್ಚಿ ನಿಧಾನವಾಗಿ ತೆರೆದರೆ ನಂಬಿಕೆ. ನಾನೂ ಹಾಗೆ ಮಾಡಿ ತೋರಿಸಿದೆ. ಬಹಳ ಹೊತ್ತು ಅಳೆದು ನೋಡಿ ತಾನೂ ಮಾಡಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ಕಟ್ಟಿದವರಿಗೆ ಬೆಕ್ಕು ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಒಂದು ವಿಷಯ ಮನಸ್ಸು ಕೊರೆಯುತ್ತಿದೆ. ಅಮ್ಮ ಇದ್ದಾಗ ಇವಳು ಕೂಗಿದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಈಗ ಬಾಯಿಯನ್ನು ಅಗಲವಾಗಿ ತೆರೆಯುತ್ತಾಳೆ, ಹಲ್ಲು ಕಾಣುತ್ತದೆ, ನಾಲಿಗೆ ನಡುಗುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಅಮ್ಮನ ಜೊತೆಗೆ ಇವಳ ದನಿಯೂ ಹೊರಟುಹೋಯಿತೇ? ತಂಗಿಗೆ ಇದು ಗೊತ್ತಾದರೆ ಇವತ್ತೇ ಬುಟ್ಟಿ ತರುತ್ತಾಳೆ.

ಮಾರ್ಚ್ 14, ಗುರುವಾರ

ಸೊಸೆ ಎಲ್ಲೆಂದರಲ್ಲಿ ಪ್ರತ್ಯಕ್ಷವಾಗುತ್ತಾಳೆ. ತಿರುಗಿದರೆ ಬೆನ್ನ ಹಿಂದೆ ಕೂತು ನನ್ನನ್ನೇ ನೋಡುತ್ತಿರುತ್ತಾಳೆ, ಬಾಯಿ ತೆರೆದು, ಸದ್ದಿಲ್ಲದೆ. ನಿನ್ನೆ ಎರಡು ಸಲ ಬೆಚ್ಚಿಬಿದ್ದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕೇಳುತ್ತಾರಲ್ಲ, ನಾನೇ ಕಟ್ಟಿದೆ. ಮೂಲೆಯ ಅಂಗಡಿಯಿಂದ ಸಣ್ಣ ಗೆಜ್ಜೆ ತಂದು ಕೊರಳಿಗೆ ಹಾಕಿದೆ. ಮನೆಯೆಲ್ಲ ಓಡಾಡಿದಳು. ಗೆಜ್ಜೆ ಕುಣಿಯುತ್ತದೆ, ನುಡಿಯುವುದಿಲ್ಲ.

ಬಿಚ್ಚಿಕೊಂಡು ಹೋಗಿ ಅಂಗಡಿಯವನ ಮುಂದಿಟ್ಟು, "ಒಳಗೆ ಕಾಳೇ ಇಲ್ಲದ ಗೆಜ್ಜೆ ಕೊಟ್ಟಿದ್ದೀಯಲ್ಲ" ಎಂದೆ. ಅವನು ಅದನ್ನು ನನ್ನ ಮುಖದ ಹತ್ತಿರ ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ. ನನ್ನನ್ನೇ ನೋಡಿದ. ಆಮೇಲೆ ಬೇರೆ ಗೆಜ್ಜೆ ಕೊಟ್ಟ. ಅದೂ ಮೂಗಿಯೇ. ಈಗಿನ ಸಾಮಾನೆಲ್ಲ ಇಷ್ಟೇ.

ಮಾರ್ಚ್ 17, ಭಾನುವಾರ

ಇದನ್ನು ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಬಟ್ಟೆ ಮಡಚುತ್ತ ಕೂತಿದ್ದೆ. ಸೊಸೆ ನನ್ನ ಪಕ್ಕದಲ್ಲಿ ನಿದ್ದೆಯಲ್ಲಿದ್ದಳು. ಇದ್ದಕ್ಕಿದ್ದ ಹಾಗೆ ಕಿವಿ ಎರಡೂ ನಿಮಿರಿದವು. ಎದ್ದು ಮುಂಬಾಗಿಲಿಗೆ ಓಡಿದಳು. ನೆಟ್ಟಗೆ ನಿಂತ ಬಾಲ, ತುದಿಯಲ್ಲಿ ಕೊಂಡಿ. ಬಾಗಿಲ ಎದುರು ಕೂತು ನನ್ನ ಕಡೆ ತಿರುಗಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಬಾ ಎನ್ನುತ್ತಿದ್ದಾಳೆ ಎಂದು ಗೊತ್ತಾಗಲು ಪಂಡಿತೆಯಾಗಬೇಕಿಲ್ಲ. ನಾನು ಬಟ್ಟೆ ಮುಗಿಸಿ, ಅವಳ ಆಟ ಎಂದುಕೊಂಡು ನಿಧಾನವಾಗಿ ಹೋಗಿ ಬಾಗಿಲು ತೆರೆದೆ.

ಯಾರೂ ಇಲ್ಲ.

ಆದರೆ ಮೆಟ್ಟಿಲ ದೀಪ ಉರಿಯುತ್ತಿತ್ತು. ಅದು ಗುಂಡಿ ಒತ್ತಿದರೆ ಹೊತ್ತಿಕೊಂಡು ಸ್ವಲ್ಪ ಹೊತ್ತಿಗೆ ತಾನೇ ಆರುವ ದೀಪ. ಯಾರೋ ಒತ್ತಿರಬೇಕು. ಮತ್ತು ವಾಸನೆ. ನೋವಿನ ಮುಲಾಮು, ನುಸಿಗುಳಿಗೆ, ಹಳೆಯ ಉಣ್ಣೆ. ಅಮ್ಮ ಶಾಲು ಹೊದ್ದು ಹತ್ತಿರ ಬಂದಾಗ ಬರುತ್ತಿದ್ದ ವಾಸನೆ. ಆ ಶಾಲು ತಂಗಿಯ ಊರಿನಲ್ಲಿದೆ, ತಂಗಿ ಏಪ್ರಿಲ್ ಕೊನೆಯವರೆಗೆ ಬರುವವಳಲ್ಲ. ಸೊಸೆ ಹೊಸ್ತಿಲು ದಾಟಿ ಮೆಟ್ಟಿಲ ತುದಿಗೆ ಹೋಗಿ ಕೆಳಗೆ ನೋಡುತ್ತ ನಿಂತಳು. ದೀಪ ಆರಿತು. ಅವಳನ್ನು ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿ, ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದೆ.

ಮಾರ್ಚ್ 19, ಮಂಗಳವಾರ

ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ರೇಡಿಯೋಗೆ ಹೇಳಿದೆ. ಮಗ್ಗಗಳ ಮಧ್ಯೆ ತುಟಿಯಲ್ಲೇ ಹೇಳಿದೆ, ಅವಳು ತುಟಿಯಲ್ಲೇ ಉತ್ತರ ಕೊಟ್ಟಳು. "ಹೋದೋರು ಬಂದ್ರೆ ಮೊದಲು ಗೊತ್ತಾಗೋದು ಬೆಕ್ಕಿಗೇ ಕಣೇ. ನಮ್ಮತ್ತೆ ಹೋದಾಗಲೂ ಹಾಗೇ ಆಯ್ತು."

"ನಿಮ್ಮನೇಲಿ ಬೆಕ್ಕೇ ಇಲ್ವಲ್ಲ."

"ಅದಕ್ಕೇ ನಮಗೆ ಗೊತ್ತಾಗ್ಲಿಲ್ಲ."

ನಗು ಬಂತು. ಬಿಡುವಿನಲ್ಲಿ ಹೊರಗೆ ನಿಂತಾಗ ಅವಳು ಇನ್ನೂ ಏನೋ ಹೇಳಿದಳು, ಆದರೆ ಅವಳಿಗೆ ಲೋಟವನ್ನು ಬಾಯಿಗಿಟ್ಟುಕೊಂಡೇ ಮಾತಾಡುವ ಚಾಳಿ. ಅರ್ಥವಾಗಲಿಲ್ಲ. ತಲೆಯಾಡಿಸಿದೆ. ಶೆಡ್ಡಿನೊಳಗೆ ಇದ್ದಷ್ಟು ಹೊತ್ತು ಎಲ್ಲ ಸರಿಯಿರುತ್ತದೆ. ಹೊರಗೆ ಬಂದ ಮೇಲೆಯೇ ಲೋಕ ಒಂದು ಥರ ಆಗುವುದು.

ಮಾರ್ಚ್ 21, ಗುರುವಾರ

ಅಮ್ಮ ಹೋದ ಮೇಲೆ ಈ ಮನೆಯ ಒಂದೊಂದೇ ವಸ್ತು ಮಾತು ಬಿಡುತ್ತಿದೆ. ಮೊದಲು ಸೊಸೆ. ಆಮೇಲೆ ಗಡಿಯಾರ, ಮುಳ್ಳು ಓಡುತ್ತದೆ, ಟಿಕ್ ಇಲ್ಲ. ಈಗ ಕುಕ್ಕರ್. ಹೊಸ ಗ್ಯಾಸ್ಕೆಟ್ ಹಾಕಿದರೂ ಕೂಗಲಿಲ್ಲ. ಆವಿ ಮಾತ್ರ ಎದ್ದು ಗೋಡೆಗೆ ಬಡಿಯುತ್ತದೆ. ಮನೆಯೇ ಮೌನ ಹಿಡಿದಿದೆ, ಯಾರ ಮಾತಿಗೋ ಜಾಗ ಬಿಟ್ಟುಕೊಟ್ಟ ಹಾಗೆ.

ಎದುರುಮನೆ ಮೇಷ್ಟ್ರು ಮೆಟ್ಟಿಲಲ್ಲಿ ನನ್ನ ಹೆಗಲ ಪಕ್ಕದಲ್ಲೇ ಹುಟ್ಟಿಕೊಂಡರು. ಹೆಜ್ಜೆಯ ಸುಳಿವೇ ಇರಲಿಲ್ಲ. ಮೇಷ್ಟ್ರ ಮೀಸೆ ತುಟಿಯನ್ನು ನುಂಗಿಬಿಟ್ಟಿದೆ, ಅವರು ಹೇಳಿದ್ದರಲ್ಲಿ 'ಬೆಕ್ಕು', 'ದಿನವೆಲ್ಲ' ಎನ್ನುವುದಷ್ಟೇ ಗೊತ್ತಾಯಿತು. "ಹೌದು ಸಾರ್, ಬಹಳ ಒಳ್ಳೇದು" ಎಂದೆ. ಅವರು ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ವಯಸ್ಸಾದ ಮೇಲೆ ಕೆಲವರು ಹೀಗೇ ಆಗುತ್ತಾರೆ.

ಮಾರ್ಚ್ 24, ಭಾನುವಾರ

ಸೊಸೆಯನ್ನು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಗಂಟಲಲ್ಲಿ ಗೆಡ್ಡೆಯೋ ಏನೋ ಎಂದು ಭಯವಿತ್ತು. ಡಾಕ್ಟರಮ್ಮ ಒಳ್ಳೆಯವರು, ಮುಖವಸ್ತ್ರ ಕೆಳಗೆಳೆದು ಮಾತಾಡಿದರು. ಬೆಕ್ಕುಗಳು ದೊಡ್ಡವಾದ ಮೇಲೆ ತಮ್ಮತಮ್ಮೊಳಗೆ ಮಿಯಾಂವ್ ಎನ್ನುವುದು ಕಡಿಮೆಯಂತೆ. ಅದು ಹೆಚ್ಚಾಗಿ ಮನುಷ್ಯರಿಗೆಂದೇ ಇಟ್ಟುಕೊಂಡ ಮಾತು. ಯಾವ ಕೂಗಿಗೆ ತನ್ನ ಮನೆಯವರು ಏಳುತ್ತಾರೆ ಎಂದು ನೋಡಿ ನೋಡಿ ಕಲಿಯುತ್ತದಂತೆ. "ಕೂಗಿಗೆ ಉತ್ತರ ಸಿಗದಿದ್ರೆ ಬೇರೆ ದಾರಿ ಹುಡುಕುತ್ತೆ. ಮುಟ್ಟುತ್ತೆ, ಅಡ್ಡ ನಿಲ್ಲುತ್ತೆ, ಬಟ್ಟೆ ಎಳೆಯುತ್ತೆ" ಎಂದರು.

ಆಮೇಲೆ ಮುಖವಸ್ತ್ರ ಮೇಲೆಳೆದು ಹೊಟ್ಟೆ ಒತ್ತಿದರು. ಸೊಸೆ ಬಾಯಿ ತೆರೆದಳು. ಇಷ್ಟು ದೊಡ್ಡದಾಗಿ ತೆರೆದದ್ದು ನಾನು ಕಂಡಿರಲಿಲ್ಲ. ಒಂದಿಷ್ಟೂ ಸದ್ದಿಲ್ಲ. ಆದರೆ ಕಾಯುತ್ತಿದ್ದವರೆಲ್ಲ ಒಟ್ಟಿಗೆ ತಿರುಗಿದರು. ಒಂದು ದೊಡ್ಡ ನಾಯಿ ಬಾಲ ಮಡಚಿ ಬೆಂಚಿನ ಕೆಳಗೆ ನುಸುಳಿತು. ಸದ್ದಿಲ್ಲದ ಬಾಯಿಗೆ ನಾಯಿಯೂ ಹೆದರಿತು. ಅವಳ ಬಾಯಿಯಿಂದ ಬರುವುದೇನೋ ಇದೆ, ಕೂಗಲ್ಲ, ಬೇರೆ ಏನೋ. ಬುಟ್ಟಿಯನ್ನು ತಬ್ಬಿಕೊಂಡು ಹೊರಗೆ ಬಂದೆ. ಡಾಕ್ಟರಮ್ಮ ಹಿಂದಿನಿಂದ ಏನೋ ಹೇಳುತ್ತಿದ್ದರೆಂದು ಆಮೇಲೆ ಅನಿಸಿತು.

ಮಾರ್ಚ್ 31, ಭಾನುವಾರ

ಮಧ್ಯಾಹ್ನ ಮತ್ತೆ ಬಂದಳು.

ಬಂದಳು ಎಂದು ಬರೆದುಬಿಟ್ಟೆ. ಇರಲಿ, ಹೊಡೆದುಹಾಕುವುದಿಲ್ಲ. ಸೊಸೆ ಅದೇ ರೀತಿ ಓಡಿದಳು, ಅದೇ ಕೊಂಡಿ, ಅದೇ ಕೂತ ಭಂಗಿ. ಈ ಸಲ ನಾನು ತಕ್ಷಣ ಎದ್ದು ಹೋದೆ, ಆದರೆ ತೆರೆಯಲಿಲ್ಲ. ಬಾಗಿಲಿಗೆ ಅಂಗೈ ಇಟ್ಟೆ. ಮಗ್ಗ ಓಡುತ್ತಿದೆಯೇ ಎಂದು ಚೌಕಟ್ಟು ಮುಟ್ಟಿ ನೋಡುತ್ತೇವಲ್ಲ, ಹಾಗೆ. ಹಲಗೆ ನಡುಗುತ್ತಿತ್ತು. ಧಡ್ ಧಡ್ ಎಂದು ಅಂಗೈಗೆ ಬಡಿಯಿತು. ಕೈ ಹಿಂದಕ್ಕೆಳೆದುಕೊಂಡೆ. ಧೈರ್ಯ ತಂದುಕೊಂಡು ಬಾಗಿಲು ತೆರೆಯುವಷ್ಟರಲ್ಲಿ ಯಾರೂ ಇರಲಿಲ್ಲ. ದೀಪ ಉರಿಯುತ್ತಿತ್ತು. ಅದೇ ವಾಸನೆ.

ಸಂಜೆ ಇನ್ನೊಂದಾಯಿತು. ಅಮ್ಮನ ಕೋಣೆಯಿಂದ ಕೆಲವು ದಿನಗಳಿಂದ ಗುಂಯ್ ಎಂದು ಸಣ್ಣ ದನಿ ಬರುತ್ತಿದೆ. ಕೆಲಸ ಮಾಡುವಾಗ ಬಾಯಿ ಮುಚ್ಚಿಕೊಂಡೇ ಅವಳು ಗುನುಗುತ್ತಿದ್ದಳಲ್ಲ, ಹಾಗೆಯೇ. ಮನೆಯೆಲ್ಲ ಬಾಯಿ ಮುಚ್ಚಿದ ಮೇಲೆ ಅದೊಂದೇ ಸ್ಪಷ್ಟವಾಗಿ ಕೇಳುವುದು. ಅವಳ ಕುರ್ಚಿಯಲ್ಲಿ ಕೂತು ಅದನ್ನೇ ಕೇಳುತ್ತಿದ್ದೆ. ಸೊಸೆ ಬಂದು ಸೀರೆಯ ಅಂಚು ಕಚ್ಚಿ ಎಳೆದಳು. ಬಿಡಲೇ ಇಲ್ಲ. ಹೋಗಿ ನೋಡಿದರೆ ಒಲೆಯ ಮೇಲೆ ಕುಕ್ಕರ್ ನೀರು ಬತ್ತಿ ತಳ ಕರಕಲಾಗಿದೆ, ಅಡುಗೆಮನೆ ತುಂಬ ಹೊಗೆ. ಇನ್ನು ಸ್ವಲ್ಪ ತಡವಾಗಿದ್ದರೆ ಮನೆಯೂ ಇಲ್ಲ, ನಾನೂ ಇಲ್ಲ.

ಬೆಕ್ಕಿಗೆ ಕುಕ್ಕರಿನ ಯೋಚನೆ ಎಲ್ಲಿಂದ ಬರಬೇಕು? ಕಳಿಸಿದವಳು ಯಾರು ಎಂದು ನನಗೆ ಗೊತ್ತು.

ಏಪ್ರಿಲ್ 3, ಬುಧವಾರ

ಸೊಸೆ ಇವತ್ತು ನನಗೂ ಕೊಂಡಿ ತೋರಿಸಿದಳು. ಕೆಲಸದಿಂದ ಬಂದಾಗ ಬಾಗಿಲಲ್ಲೇ ನಿಂತಿದ್ದಳು, ಬಾಲ ನೆಟ್ಟಗೆ, ತುದಿ ಬಾಗಿ. ಅಲ್ಲೇ ನೆಲದಲ್ಲಿ ಕೂತು ಅತ್ತುಬಿಟ್ಟೆ. ಮೈ ಕೈ ತುಂಬಿಕೊಂಡಿದ್ದಾಳೆ, ಮೂಳೆ ಕೈಗೆ ಸಿಗುವುದಿಲ್ಲ. ತಂಗಿ ಬಂದು ನೋಡಲಿ.

ಅವಳಾದರೂ ಒಂದು ಫೋನು ಮಾಡಬಾರದೇ? ತಿಂಗಳಾಯಿತು, ಫೋನು ಒಮ್ಮೆಯೂ ಬಾಯಿಬಿಟ್ಟಿಲ್ಲ. ಕಲ್ಲು ಮನಸ್ಸಿನವಳು.

ಏಪ್ರಿಲ್ 5, ಶುಕ್ರವಾರ

ಮಾತು ಬೇಕಿಲ್ಲ ಎನಿಸುತ್ತಿದೆ. ಮನೆಯಲ್ಲಿ ನಾನೂ ಬಾಯಿಯನ್ನು ಬರೀ ತೆರೆಯುತ್ತೇನೆ. ಸೊಸೆಗೆ ಅರ್ಥವಾಗುತ್ತದೆ. ಅಂಗಡಿಯವನಿಗೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆದೆ. ಅವನು ಮುಖ ತಿರುಗಿಸಿಕೊಂಡ.

ಏಪ್ರಿಲ್ 7, ಭಾನುವಾರ

ಬಂದಳು. ಹೋದಳು. ನಾನು ಬಾಗಿಲಿಗೆ ಹಣೆಯಿಟ್ಟು ನಿಂತಿದ್ದೆ. ಹಲಗೆ ನಡುಗುವುದು ನಿಂತ ಮೇಲೆ ತೆರೆದೆ. ಮುಖ ನೋಡುವ ಧೈರ್ಯ ಇನ್ನೂ ಬಂದಿಲ್ಲ.

ಏಪ್ರಿಲ್ 10, ಬುಧವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಈಗಲೇ ಬರೆದುಬಿಡುತ್ತೇನೆ.

ಸಂಜೆ ಸೊಸೆ ಮೇಜಿನ ಮೇಲೆ ಹಾರಿ ಅಮ್ಮನ ಹಳೆಯ ಫೋನಿನ ಮುಂದೆ ಕೂತಳು. ಅದರ ಮೇಲೆ ಪಂಜ ಇಟ್ಟಳು, ನನ್ನನ್ನು ನೋಡಿದಳು. ಮತ್ತೆ ಇಟ್ಟಳು. ರಿಸೀವರ್ ಎತ್ತಿ ಕಿವಿಗಿಟ್ಟೆ.

ಆ ಕಡೆ ಯಾರೋ ಇದ್ದರು. ಸುಮ್ಮನೆ ಫೋನು ಎತ್ತಿದರೆ ಗೊರ್ ಎನ್ನುವ ಸದ್ದಿರುತ್ತದೆ, ಈಗ ಅದಿರಲಿಲ್ಲ. ಆಳದ ಬಾವಿಗೆ ಕಿವಿ ಕೊಟ್ಟ ಹಾಗಿತ್ತು. ಬಹಳ ಕೆಳಗೆ, ಬಹಳ ದೂರದಲ್ಲಿ, ಏನೋ ಮಿಸುಕಾಡಿತು. ಮಾತಲ್ಲ, ಮಾತಿನ ನೆರಳು.

"ಅಮ್ಮಾ" ಎಂದೆ. "ಅಮ್ಮಾ, ನೀನೇನಾ?"

ಮಿಸುಕಾಟ ತಟ್ಟನೆ ನಿಂತಿತು. ಆದರೆ ಹೋಗಿರಲಿಲ್ಲ, ಅಲ್ಲೇ ಇದ್ದಳು, ಕೇಳಿಸಿಕೊಳ್ಳುತ್ತಿದ್ದಳು. ನಾನು ಹೇಳಬೇಕೆಂದಿದ್ದದ್ದನ್ನೆಲ್ಲ ಹೇಳಿದೆ. ನೀನು ಬಾಗಿಲಿಗೆ ಬರುವುದು ಸೊಸೆಗೆ ಗೊತ್ತು, ನನಗೂ ಗೊತ್ತು. ಹೆದರಿ ತೆರೆಯಲಿಲ್ಲ, ತಪ್ಪು ತಿಳಿಯಬೇಡ. ಇನ್ನೊಂದು ಸಲ ಬಾ, ತಡ ಮಾಡುವುದಿಲ್ಲ, ಓಡಿ ಬಂದು ತೆಗೆಯುತ್ತೇನೆ. ತಂಗಿ ನನ್ನನ್ನು ಬಿಟ್ಟಳು, ನೀನಾದರೂ ಬಾ.

ಆಮೇಲೆ ಬಾವಿ ಮುಚ್ಚಿಕೊಂಡಿತು.

ಏಪ್ರಿಲ್ 11, ಗುರುವಾರ

ಕೆಲಸಕ್ಕೆ ಹೋಗಲಿಲ್ಲ. ಬೆಳಗಿನಿಂದ ಬಾಗಿಲ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದೆ, ಪಕ್ಕದಲ್ಲಿ ಸೊಸೆ. ಬಿಸಿಲು ಇನ್ನೂ ಕಿಟಕಿಗೆ ಬಂದಿರಲಿಲ್ಲ, ಅವಳ ಕಿವಿ ನಿಮಿರಿತು. ಬಾಲ ಎದ್ದಿತು. ತುದಿ ಬಾಗಿತು. ಎದ್ದು ಚಿಲಕ ತೆಗೆದು ಬಾಗಿಲನ್ನು ಪೂರ್ತಿ ತೆರೆದೆ.

ಅಮ್ಮನ ಶಾಲು ನಿಂತಿತ್ತು. ತಲೆಯ ಮೇಲಿಂದ ಹೊದ್ದ ಬೂದು ಶಾಲು, ಒಳಗೆ ಒಂದು ಮುಖ. ಆ ಮುಖದ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಸೊಸೆಯ ಬಾಯಿಯ ಹಾಗೆಯೇ, ಸದ್ದಿಲ್ಲದೆ. ಬಾಗಿಲು ಹಿಡಿದುಕೊಂಡು ನಿಂತೆ. ಆಮೇಲೆ ಶಾಲು ಹೆಗಲಿಗೆ ಜಾರಿತು. ತಂಗಿ.

ಅಳುತ್ತಿದ್ದಳು. ಅವಳ ಬೆರಳು ಇನ್ನೂ ಬೆಲ್ಲಿನ ಗುಂಡಿಯ ಮೇಲೆಯೇ ಇತ್ತು, ತೆಗೆಯಲು ಮರೆತಿದ್ದಳು. ಶೆಡ್ಡಿನ ಅಭ್ಯಾಸ ನನ್ನನ್ನು ಕಾಪಾಡಿತು, ತುಟಿ ನೋಡಿದೆ. "ನಿನ್ನೆ ಫೋನಲ್ಲಿ ನಾನು ಮಾತಾಡ್ತಾನೇ ಇದ್ದೀನಿ, ನೀನು ಅಮ್ಮಾ ಅಮ್ಮಾ ಅಂತಿದ್ದೀಯ. ನಿಂಗೇನಾಗಿದೆ ಅಕ್ಕ? ಎಷ್ಟು ಭಾನುವಾರ ಬಂದು ಬೆಲ್ ಒತ್ತಿದೆ, ಬಾಗಿಲು ಬಡಿದೆ. ಒಳಗೇ ಇದ್ದಾರೆ ಅಂತ ಮೇಷ್ಟ್ರು ಹೇಳ್ತಾರೆ. ಬಾಗಿಲು ತೆಗೆಯೋಕೂ ಆಗದಷ್ಟು ಬೇಡವಾದ್ನಾ?"

"ಬೆಲ್ ಕೆಟ್ಟಿದೆ" ಎಂದೆ.

ತಂಗಿ ನನ್ನನ್ನೇ ನೋಡಿದಳು. ಬೆರಳು ತೆಗೆದಳು. ಮತ್ತೆ ಒತ್ತಿದಳು. ಸೊಸೆಯ ಕಿವಿ ಅಲುಗಿತು. ಬೆರಳು ತೆಗೆದಾಗ ಕಿವಿ ಸುಮ್ಮನಾಯಿತು. ಒತ್ತಿದಳು, ಅಲುಗಿತು. ತೆಗೆದಳು, ನಿಂತಿತು. ನಾನು ಬೆರಳನ್ನೂ ಕಿವಿಯನ್ನೂ ನೋಡುತ್ತ ನಿಂತಿದ್ದೆ. ಕೊನೆಗೆ ಸೊಸೆ ತಲೆಯೆತ್ತಿ ನಾನು ದಿನವೂ ನೋಡುವ ಆ ಬಾಯಿಯನ್ನು ತೆರೆದಳು, ಮತ್ತು ತಂಗಿ ಎರಡೂ ಕಿವಿ ಮುಚ್ಚಿಕೊಂಡಳು.

ಹೊಸ್ತಿಲ ಮೇಲೆಯೇ ಕೂತೆ. "ನಂಗೆ ಕೇಳಿಸ್ತಿಲ್ಲ ಕಣೇ" ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಎದುರುಮನೆಯ ಬಾಗಿಲು ತೆರೆದು ಮೇಷ್ಟ್ರು ಹೊರಗೆ ಬಂದರು.

ಏಪ್ರಿಲ್ 20, ಶನಿವಾರ

ಕಿವಿಯ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು, ತಂಗಿ ಪಕ್ಕದಲ್ಲಿ ಕೂತು ನಿಧಾನವಾಗಿ ತುಟಿಯಾಡಿಸಿದಳು. ಮಗ್ಗದ ಸದ್ದು ವರ್ಷಗಟ್ಟಲೆ ನನ್ನ ಕಿವಿಯನ್ನು ಒಳಗಿಂದಲೇ ತಿಂದಿದೆ. ಸಣ್ಣ, ಚೂಪು ದನಿಗಳು ಮೊದಲು ಹೋಗುತ್ತವಂತೆ. ಗೆಜ್ಜೆ, ಗಡಿಯಾರ, ಕುಕ್ಕರಿನ ಕೂಗು, ಬೆಲ್ಲು, ಬೆಕ್ಕು, ತಂಗಿಯ ದನಿ. ಅಮ್ಮನ ಕೋಣೆಯ ಗುನುಗು ಕೂಡ ಕೋಣೆಯದಲ್ಲ, ಕೆಟ್ಟ ಕಿವಿ ತಾನೇ ಹುಟ್ಟಿಸಿಕೊಂಡದ್ದು. ಕಿವಿಗೆ ಹಾಕುವ ಯಂತ್ರ ಬರಲು ಇನ್ನೂ ಕೆಲವು ವಾರ ಬೇಕು. ಅದರಿಂದಲೂ ಎಲ್ಲ ವಾಪಸ್ಸು ಬರುವುದಿಲ್ಲ.

ಶೆಡ್ಡಿನಲ್ಲಿ ರೇಡಿಯೋಗೆ ಹೇಳಿದೆ. ಅವಳು ಲಾಳಿ ಕೈಯಲ್ಲಿ ಹಿಡಿದುಕೊಂಡೇ ನಕ್ಕಳು. "ನಂಗೂ ಕೇಳಲ್ಲ. ಇಲ್ಲಿ ಯಾರಿಗೆ ಕೇಳುತ್ತೆ ಹೇಳು?" ಸುತ್ತ ನೋಡಿದೆ. ಎಲ್ಲರ ಬಾಯಿಯೂ ಆಡುತ್ತಿತ್ತು.

ಬಾಗಿಲಿಗೆ ಬರುತ್ತಿದ್ದವಳು ತಂಗಿ ಎಂದು ತಿಳಿದು ಸಂತೋಷವಾಗಬೇಕಿತ್ತು. ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಮ್ಮ ಎರಡನೇ ಸಲ ಸತ್ತ ಹಾಗೂ ಆಯಿತು.

ಏಪ್ರಿಲ್ 28, ಭಾನುವಾರ

ಏಪ್ರಿಲ್ ತಿಂಗಳ ಕೊನೆಯ ಭಾನುವಾರ, ತಂಗಿ ಹೇಳಿದ ಗಡುವು ಬಂತು. ಬುಟ್ಟಿ ಹಿಡಿದುಕೊಂಡೇ ಬಂದಳು. ನಾನು ಸೊಸೆಯನ್ನು ಮಡಿಲಿಗೆ ಎಳೆದುಕೊಂಡೆ. ಬುಟ್ಟಿಯ ಮುಚ್ಚಳ ತೆಗೆದು ಅದರಿಂದ ಅಮ್ಮನ ಶಾಲು ಎತ್ತಿ ಕುರ್ಚಿಯ ಬೆನ್ನಿಗೆ ಹಾಕಿದಳು.

"ಇದೂ ಇಲ್ಲೇ ಇರಲಿ. ಸೊಸೆಯನ್ನ ಕರ್ಕೊಂಡು ಹೋದ್ರೆ ನಿನ್ನ ಕಿವೀನೇ ಕಿತ್ಕೊಂಡು ಹೋದ ಹಾಗೆ. ಬೇಕಾದ್ರೆ ನಾನೇ ವಾರ ವಾರ ಬರ್ತೀನಿ" ಎಂದಳು. ಈಗೀಗ ನನ್ನ ಎದುರಿಗೇ ಕೂತು ಮಾತಾಡುತ್ತಾಳೆ, ಬಾಯಿಗೆ ಕೈ ಅಡ್ಡ ತರುವುದಿಲ್ಲ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದೆ. ಇಬ್ಬರೂ ಎಷ್ಟೋ ದಿನಗಳ ಮೇಲೆ ಒಟ್ಟಿಗೆ ನಕ್ಕೆವು. ಸೊಸೆ ನಮ್ಮಿಬ್ಬರ ನಡುವೆ ಮಲಗಿದ್ದಳು.

ಮಧ್ಯಾಹ್ನ ಆಗುತ್ತಿದ್ದ ಹಾಗೆ ಅವಳ ಕಿವಿ ನಿಮಿರಿತು. ಎದ್ದು ಬಾಗಿಲಿಗೆ ಹೋದಳು. ಬಾಲ ನೆಟ್ಟಗಾಯಿತು, ತುದಿ ಬಾಗಿತು.

"ಬೆಲ್ ಆಗ್ತಿದೆ ನೋಡು" ಎಂದೆ.

ತಂಗಿ ಕತ್ತು ಓರೆ ಮಾಡಿ ಕೇಳಿಸಿಕೊಂಡಳು. "ಇಲ್ಲ ಅಕ್ಕ. ಏನೂ ಸದ್ದಿಲ್ಲ."

ನಾನು ಸೊಸೆಯ ಬಾಲವನ್ನೇ ನೋಡುತ್ತಿದ್ದೆ. ಆ ಕೊಂಡಿ ಅವಳು ಬೇರೆ ಯಾರಿಗೂ ತೋರಿಸುವುದಿಲ್ಲ, ನಮ್ಮ ಮೂವರಿಗೆ ಮಾತ್ರ. ಇಬ್ಬರು ಒಳಗಿದ್ದೆವು. ಸೊಸೆ ಬಾಗಿಲ ಕಡೆ ಮುಖ ಮಾಡಿ ನಿಧಾನವಾಗಿ ಕಣ್ಣು ಮುಚ್ಚಿದಳು, ನಿಧಾನವಾಗಿ ತೆರೆದಳು.

"ತೆಗಿ" ಎಂದೆ ತಂಗಿಗೆ. ಅವಳು ನನ್ನನ್ನು ನೋಡಿದಳು, ಬೆಕ್ಕನ್ನು ನೋಡಿದಳು, ಎದ್ದು ಹೋಗಿ ಚಿಲಕ ತೆಗೆದಳು. ಮೆಟ್ಟಿಲ ದೀಪ ಉರಿಯುತ್ತಿತ್ತು. ಯಾರೂ ಇರಲಿಲ್ಲ. ತಂಗಿ ಬಾಗಿಲು ಹಾಕಲಿಲ್ಲ. ಒಳಗೆ ಬರುವವರಿಗೆ ದಾರಿ ಬಿಡುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.